ನೂರಕ್ಕೆ ಅರವತ್ತೇಳು

ಮಾಸೆರುವಿನ ಆಸ್ಪತ್ರೆಯ ಹಿಂದೆ, ತಗಡಿನ ಕೋಣೆಯ ಮುಂದೆ,
ಚಿನ್ನದ ಗಣಿಯಿಂದ ಮರಳಿದವರ ಸಾಲು.
ಒಬ್ಬ ಕೆಮ್ಮಿದರೆ ಸಾಲು ಪೂರ್ತಿ ಕೆಮ್ಮುತ್ತದೆ,
ಒಂದು ನಾಯಿಗೆ ಊರ ನಾಯಿಗಳೆಲ್ಲ ಓಗೊಟ್ಟ ಹಾಗೆ.
ಹಿಂದಿನ ದಿನವೇ ನಾವು ಥಾಬಾ-ತ್ಸೆಕಾದಲ್ಲಿ ಬಸ್ಸು ಹತ್ತಿದ್ದೆವು.
ನನ್ನ ಚೀಲದಲ್ಲಿ ಇಪ್ಪತ್ತೊಂದು ವರ್ಷದ ಸಂಬಳದ ಚೀಟಿ,
ಇಲಿ ಕಡಿದದ್ದನ್ನು ಬಿಟ್ಟು.

ಮೊದಲೇ ಹೇಳಿದ್ದೆ:
ಮೊಹಾಪಿ, ಇದು ಕುದುರೆ ಪಂದ್ಯವಲ್ಲ,
ಗೆದ್ದರೆ ಸೋಲುತ್ತೀಯ.
ಅರವತ್ತೈದರ ಕೆಳಗೆ ಬಂದರೆ ದೊಡ್ಡ ಮೊತ್ತ,
ಮೇಲಿದ್ದರೆ ಚಿಲ್ಲರೆ.
ಸಾಲಿನಲ್ಲಿ ನಿಂತವರಿಗೆಲ್ಲ ಬಾಯಿಪಾಠವಾದ ಲೆಕ್ಕ.

ನರ್ಸು ನಮ್ಮ ಪುಲೆಂಗಳ ವಯಸ್ಸಿನವಳು.
ರಟ್ಟಿನ ಕೊಳವೆ ಬಾಯಿಗೆ ಕೊಟ್ಟು,
'ಊದಿ ಅಪ್ಪಾ, ಊದಿ, ಇನ್ನೂ, ಇನ್ನೂ, ಇನ್ನೂ...'

ಬೆಟ್ಟದ ಮೇಲೆ ಹದಿನಾರರಲ್ಲಿ ಲೆಸಿಬಾ ನುಡಿಸುತ್ತಿದ್ದವ ಅವನು.
ಕೋಲಿಗೆ ಬಿಗಿದ ತಂತಿ, ತಂತಿಯ ತುದಿಗೆ ರಣಹದ್ದಿನ ಗರಿಯ ಸೀಳು,
ಅದಕ್ಕೆ ತುಟಿಯಿಟ್ಟು ಉಸಿರೆಳೆದರೆ
ಆಚೆ ದಿಬ್ಬದ ದನಗಳು ಮೇವು ಬಿಟ್ಟು ತಲೆಯೆತ್ತುತ್ತಿದ್ದವು.
ನಾನೂ ಎತ್ತಿದ್ದೆ, ಅದು ಬೇರೆ ಮಾತು.

ಆ ಹುಡುಗಿ 'ಇನ್ನೂ' ಎಂದಾಗ
ಅವನಿಗೆ ದುಡ್ಡು ಮರೆತುಹೋಯಿತು.
ಮೈಯ ಮೂಲೆಮೂಲೆಯ ಉಸಿರನ್ನೆಲ್ಲ,
ಮೊಣಕಾಲಿನದನ್ನೂ ಗುಡಿಸಿ ತಂದು,
ಪೂರಾ ಊದಿದ.
ಅರವತ್ತೇಳು.
ಹುಡುಗಿ ಚಪ್ಪಾಳೆ ತಟ್ಟಿದಳು.
ಅವನು ನನ್ನ ಕಡೆ ತಿರುಗಿ ನಕ್ಕ. ತುಟಿ ನೀಲಿಯಾಗಿತ್ತು.

ಎರಡು ಅಂಕದ ಬೆಲೆಯೆಷ್ಟು?
ಬಸ್ಸಿನಲ್ಲಿ ಕೂತು ಬೆರಳು ಮಡಿಚಿದೆ.
ಪುಲೆಂಗಳ ಶಾಲೆ. ಅದನ್ನಂತೂ ಬಿಡಿಸಿಯಾಗಿದೆ,
ಅವಳೀಗ ಕಾರ್ಖಾನೆಯಲ್ಲಿ ಜೀನ್ಸಿನ ಎಡಗಾಲು ಹೊಲಿಯುತ್ತಾಳೆ,
ದಿನವಿಡೀ ಎಡಗಾಲು,
ಬಲಗಾಲು ಬೇರೆಯವಳದು.
ಮಾರಿದ ಎತ್ತುಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ:
ಕರಿಮೂತಿಯದು ಎಕ್ಸ್‌ರೇಗೆ ಹೋಯಿತು,
ಕೋಡು ಮುರಿದದ್ದು ಒಂದು ಚಳಿಗಾಲದ ಇನ್ಹೇಲರಿಗೆ,
ಮೂರನೆಯದು ಅರ್ಜಿ ಬರೆದುಕೊಟ್ಟವನ ಹೊಟ್ಟೆಗೆ.
ಈಗ ಉಳುವುದು ನೆರೆಯವನ ಜೋಡಿ,
ಬೆಳೆದದ್ದರಲ್ಲಿ ಅರ್ಧ ಅವನಿಗೆ.

ಧೂಳಿನ ವಿಷಯ ಯಾರ ಮುಂದೆಯೂ ಉಸಿರು ಬಿಡಬೇಡಿ
ಎಂದಿದ್ದನಂತೆ ಗಣಿಯ ಮೇಸ್ತ್ರಿ.
ಇವನು ಬಿಡಲಿಲ್ಲ. ಒಳಗೇ ಇಟ್ಟುಕೊಂಡ.

ಊರಲ್ಲಿ ಬಿಯರಿನ ಡಬ್ಬಿ ಕೈಯಿಂದ ಕೈಗೆ ಸಾಗುವಾಗ
ಇವನ ಹತ್ತಿರ ಬಂದು, ತುಸು ತಡೆದು,
ಆಚೆಯ ಕೈಗೆ ಜಿಗಿಯುತ್ತದೆ.
ಕ್ಷಯವಲ್ಲ, ಕಲ್ಲಿನ ಧೂಳು, ಅಂಟುವುದಿಲ್ಲ
ಎಂದು ಕೂಗಿ ಹೇಳಿದ್ದೇನೆ.
ಹೌದು ಹೌದು ಎನ್ನುತ್ತಾರೆ, ಒಳ್ಳೆಯವರು,
ಅವನಿಗೆಂದೇ ಒಂದು ಲೋಟ ತಂದಿಟ್ಟಿದ್ದಾರೆ,
ಹೊಸದು, ಹೂವಿನ ಚಿತ್ರವಿರುವುದು.

ಬಸ್ಸಿಳಿದರೆ ಮನೆತನಕ ಏರು.
ಮೊದಲೆಲ್ಲ ಒಂದೇ ಉಸಿರಿಗೆ ಹತ್ತುತ್ತಿದ್ದ,
ಭುಜದ ಮೇಲೆ ಹಿಟ್ಟಿನ ಮೂಟೆ ಹೊತ್ತು.
ಈಗ ಒಂಬತ್ತು ಕಡೆ ಕೂರಬೇಕು, ಒಂಬತ್ತು ಕಲ್ಲೂ
ನನಗೆ ನೆಂಟರ ಹಾಗೆ ಪರಿಚಯ.
ಆರನೆಯದರ ಮೇಲೆ ನನಗೆ ತಡೆಯಲಾಗಲಿಲ್ಲ:
'ಎರಡು ವರ್ಷಕ್ಕೆ ಮತ್ತೆ ಕರೆಯುತ್ತಾರೆ. ಆಗ ಊದಬೇಡ.'

ಬಹಳ ಹೊತ್ತು ಮಾತು ಕೂಡಿಸಿಕೊಂಡ.
'ಊದದೆ ಇರುವುದನ್ನು' ಎಂದ,
ನಿಲ್ಲಿಸಿದ,
'ಕಲಿಯಬೇಕಾಗಿಲ್ಲ.'

ಕಂಬಳಿಯ ಪಿನ್ನು ಸರಿಮಾಡಿದೆ.
ಕೆಳಗೆ ಯಾರದೋ ಹುಡುಗ ದನ ಹೊಡೆದುಕೊಂಡು ಬರುತ್ತಾ
ಲೆಸಿಬಾ ಕಚ್ಚಿ ಏನನ್ನೋ ಕೀರಿದ,
ಕತ್ತೆಯೂ ತಲೆಯೆತ್ತದಂಥದ್ದು.
'ಹಾಗಲ್ಲ' ಎಂದ ಮೊಹಾಪಿ,
ನನ್ನ ಮುಂಗೈ ಮೇಲೆ ಬೆರಳೆಳೆದು ತೋರಿಸಿದ,
ಒಳಗೆ ಎಷ್ಟು,
ಹೊರಗೆ ಎಷ್ಟು.